ದೊಡ್ಡ ಚೈನ್‌ಸಾ ಕಳಿಸುವುದಿಲ್ಲ

ಮನೆಯ ಹಿಂದಿನ ಶೆಡ್ಡು,
ಮಾರ್ಚ್ ಹನ್ನೆರಡು, ಬುಧವಾರ

ಪ್ರೀತಿಯ ಮನೆಯವರಿಗೆ,

ಆರೋಗ್ಯ ಹೇಗಿದೆ? ಬೆನ್ನುನೋವು ಇಳಿಯಿತೇ? ಬೆಟ್ಟದ ಮೇಲಿನ ಮರ ಕಡಿಯುವ ಕ್ಯಾಂಪಿನಲ್ಲಿ ಚಳಿ ಎಂದು ಬರೆದಿದ್ದಿರಿ, ಕಿವಿ ಮುಚ್ಚಿಕೊಳ್ಳಿ. ಹೇಗೂ ಕಿವಿಯಿಂದ ನಿಮಗೆ ಬೇರೆ ಉಪಯೋಗ ಆದದ್ದು ನಾನು ಕಂಡಿಲ್ಲ. ಇಲ್ಲಿ ಅತ್ತೆ ಆರಾಮ, ಮಗಳ ಪರೀಕ್ಷೆ ಮುಗಿಯಿತು, ನನಗೆ ಊಟ ನಿದ್ದೆ ಎರಡೂ ಸರಿಯಾಗಿವೆ.

ನಿಮ್ಮ ಚಿಕ್ಕ ಚೈನ್‌ಸಾ ಜಾಮ್ ಆಗಿದೆ, ಮನೆಯಲ್ಲಿರುವ ದೊಡ್ಡದನ್ನು ಲಾರಿಗೆ ಹಾಕು, ಇಲ್ಲದಿದ್ದರೆ ಮೇಸ್ತ್ರಿ ಕೆಲಸದಿಂದ ತೆಗೆಯುತ್ತಾರೆ ಎಂದು ಬರೆದಿದ್ದೀರಿ. ಓದಿ ಮರುಕವಾಯಿತು, ಚೈನ್‌ಸಾ ಮೇಲೆ. ಆ ಚಿಕ್ಕದಕ್ಕೆ ಹೊಸ ಜೋರು ತುಂಬಿಸಲು ತಾನೇ ನೀವು ನನ್ನ ಹೊಲಿಗೆ ಯಂತ್ರವನ್ನು, ನನ್ನನ್ನು ಒಂದು ಮಾತೂ ಕೇಳದೆ, ಮೆಕ್ಯಾನಿಕ್ಕನ ಕೂಲಿಯ ಬದಲು ಅವನ ಹೆಂಡತಿಗೆ ಕೊಟ್ಟದ್ದು? ಅವನು ಸೈಲೆನ್ಸರ್ ಕೊರೆದ, ಸಿಲಿಂಡರಿನ ಕಿಂಡಿಗಳನ್ನು ಉಜ್ಜಿ ಅಗಲ ಮಾಡಿದ. ನೀವು ಅದನ್ನು ಊರಿನ ಮರದ ಮಿಲ್ಲಿನವರೆಲ್ಲರ ಎದುರು ಕಿರುಚಿಸಿ, ದೊಡ್ಡದನ್ನು ತೋರಿಸಿ, "ಆ ದೊಡ್ಡ ಎಮ್ಮೆ ಇನ್ನು ನಿನಗೇ ಇರ್ಲಿ. ನಿನ್ನ ಕೈಗೆ ಸೂಜಿನೇ ಭಾರ, ಅದನ್ನೆತ್ತು ನೋಡೋಣ" ಎಂದಿರಿ. ಅವರು ನಕ್ಕರು. ನಾನೂ ನಕ್ಕೆ. ನಕ್ಕವರೆಲ್ಲ ಮರೆತವರಲ್ಲ.

ಈಗ ಎತ್ತಿದ್ದೇನೆ. ಹೊಲಿಗೆ ಹೋದ ಮೇಲೆ ಹೊಟ್ಟೆ ಕೇಳಬೇಕಲ್ಲ, ಅದೇ ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಿದ್ದೇನೆ. ಮೊದಮೊದಲು ತೋಳು ನನ್ನದೇ ಎನ್ನಿಸಲಿಲ್ಲ. ಅಲ್ಲಿನ ಮರ ಕೊಯ್ಯುವ ಅಜ್ಜ "ಒತ್ಬೇಡಮ್ಮ, ಅದರ ಭಾರಕ್ಕೇ ಬಿಡು, ತಾನೇ ಇಳಿಯುತ್ತೆ" ಎಂದರು. ಇಳಿಯಿತು. ತೆಳ್ಳಗಿನ ಕೊಂಬೆಗೆ ನಿಮ್ಮ ಚಿಕ್ಕದೇ ಚುರುಕು, ಒಪ್ಪುತ್ತೇನೆ. ಆದರೆ ಇಬ್ಬರು ತಬ್ಬುವ ದಿಮ್ಮಿಯಲ್ಲಿ ಹಲ್ಲಿನ ಸರಪಳಿ ಓಡುವ ಬಾರ್ ಪೂರ್ತಿ ಹೂತಾಗ ಅದಕ್ಕೆ ಏದುಸಿರು. ದೊಡ್ಡದು ಕಂಪನಿಯಿಂದ ಬಂದ ಹಾಗೇ ಇದೆ, ಬಿಚ್ಚಿಲ್ಲ, ಕೊರೆದಿಲ್ಲ, ಗೊಣಗುತ್ತದೆ, ನಿಲ್ಲುವುದಿಲ್ಲ. ಅದರದ್ದು ಆರ್ಭಟ, ಇದರದ್ದು ಹಟ.

ಜಾಮ್ ಏಕಾಯಿತು ಗೊತ್ತೇ? "ಇನ್ಮೇಲೆ ಗಾಳಿ ಜಾಸ್ತಿ ನುಗ್ಗುತ್ತೆ, ಪೆಟ್ರೋಲೂ ಜಾಸ್ತಿ ಬೇಕು, ಪೆಟ್ರೋಲ್ ಸ್ಕ್ರೂ ಸ್ವಲ್ಪ ಸಡಿಲಿಸಣ್ಣ" ಎಂದು ಮೆಕ್ಯಾನಿಕ್ ನನ್ನೆದುರೇ ಹೇಳಿದ. ಸಡಿಲಿಸಿದರೆ ಆ ಕಿರುಚಾಟ ತಗ್ಗುತ್ತದೆಂದು ನೀವು ಬಿಟ್ಟಿರಿ. ಪೆಟ್ರೋಲ್ ಕಡಿಮೆಯಾದರೆ ಅದರಲ್ಲಿ ಬೆರೆಸಿದ ಆಯಿಲ್ಲೂ ಕಡಿಮೆ. ಪಿಸ್ಟನ್ ಒಣಗಿ ಕಚ್ಚಿಕೊಂಡಿತು. ಸದ್ದಿನ ಸುಖಕ್ಕೆ ಪಿಸ್ಟನ್ ಸುಟ್ಟವರು ಲೋಕದಲ್ಲಿ ನೀವೊಬ್ಬರೇ ಇರಲಾರಿರಿ, ಆದರೆ ನನಗೆ ಸಿಕ್ಕವರು ನೀವೊಬ್ಬರೇ.

ಆದ್ದರಿಂದ ದೊಡ್ಡದನ್ನು ನಾನು ಲಾರಿಗೆ ಹಾಕುವುದಿಲ್ಲ. ಅತ್ತೆಯ ಆಶೀರ್ವಾದ, ಮಗಳ ನೆನಪು. ಮೈ ಬೆಚ್ಚಗಿರಲಿ, ತಲೆ ತಣ್ಣಗಿರಲಿ.

ನಿಮ್ಮವಳು

ಬರೆಯಲು ಮರೆತದ್ದು: ನಿಮ್ಮ ಮೇಸ್ತ್ರಿ ಮಿಲ್ಲಿಗೆ ಫೋನ್ ಮಾಡಿದ್ದರು. ದೊಡ್ಡ ಚೈನ್‌ಸಾ ಇದ್ದವರು ಬೇಕಂತೆ. ಸೋಮವಾರ ನಾನೇ ಅದನ್ನು ಹಿಡಿದು ಬರುತ್ತಿದ್ದೇನೆ, ನಿಮ್ಮ ಜಾಗಕ್ಕೆ. ಕಡಿದ ಕೊಂಬೆ ಎಳೆಯಲು ಗುರುತಿನವರು ಯಾರಾದರೂ ಇದ್ದಾರಾ ಎಂದು ಕೇಳಿದರು. ನಿಮ್ಮನ್ನೇ ಹೇಳಿದ್ದೇನೆ. ಬೆಳಿಗ್ಗೆ ಬೇಗ ಬನ್ನಿ, ತಡವಾಗಿ ಬಂದವರನ್ನು ನಾನು ಇಟ್ಟುಕೊಳ್ಳುವುದಿಲ್ಲ.