ಮೊಮ್ಮಗಳ ರೇಟು ಕೇಳಿದ್ದು

ಹೊಸ ತಾತನವರಿಗೆ ಹೊಸ ಅಜ್ಜಿಯ ನಮಸ್ಕಾರ.

ಮಗು ಹುಟ್ಟಿದ ಸುದ್ದಿಯನ್ನು ಅಳಿಯಂದಿರು ಫೋನಿನಲ್ಲಿ ಹೇಳಿದರು, ಇದನ್ನು ಮಾತ್ರ ನಾನೇ ಬರೆಯಬೇಕು. ಪ್ರಯಾಣಕ್ಕೆಂದು ಬಾಯಿಪಾಠ ಮಾಡಿದ ಪೋರ್ಚುಗೀಸಿನಲ್ಲಿ ನನ್ನ ನಾಲಿಗೆಗೆ ಹತ್ತಿದ್ದು ತರಕಾರಿ ಅಂಗಡಿಯ ಮಾತೊಂದೇ. ಆಸ್ಪತ್ರೆಯಲ್ಲಿ ನರ್ಸಮ್ಮ ಮೊಮ್ಮಗಳನ್ನು ಕೈಗಿಟ್ಟಾಗ "ಒಬ್ರಿಗಾದಾ" ಎಂದು ಥ್ಯಾಂಕ್ಸ್ ಹೇಳಬೇಕಿತ್ತು. ಸಂತೋಷಕ್ಕೆ ತಲೆಯೇ ಓಡದೆ "ಕ್ವಾಂತು ಕುಸ್ತಾ?" ಎಂದುಬಿಟ್ಟೆ. ಎಷ್ಟಕ್ಕೆ ಕೊಡ್ತೀರಿ ಅಂತ ಕೇಳಿದ ಹಾಗಾಯ್ತು ಕಣ್ರೀ! ಆಕೆ ಮಗುವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮುಯ್ತು ಕಾರಾ!" ಎಂದಳು. ಖಾರವಲ್ಲ, ತುಂಬಾ ದುಬಾರಿಯಂತೆ ನಿಮ್ಮ ಮೊಮ್ಮಗಳು. ಮಂಚದ ಮೇಲಿಂದ ನಮ್ಮ ಮಗಳು, "ಅಮ್ಮಾ, ನಗಿಸ್ಬೇಡ, ಹೊಲಿಗೆ ಎಳೆಯುತ್ತೆ" ಎನ್ನುತ್ತಲೇ ನಕ್ಕಳು.

ಇಬ್ಬರೂ ಚೆನ್ನಾಗಿದ್ದಾರೆ. ಬಿ.ಪಿ. ಮಾತ್ರೆ ಮರೆಯಬೇಡಿ. ಕೂಸು ಎದ್ದಿತು, ಎತ್ತಿಕೊಳ್ಳುವ ಸರದಿ ನನ್ನದು.