ಡಾಕ್ಟರ್ ಶಶಾಂಕ ವಾಪಸ್ ಹೋಗಿದ್ದು ಯಾಕೆ?

ಪಿಲ್ಲಗುಂಪೆ,
ಹೊಸಕೋಟೆ ತಾಲ್ಲೂಕು

ಅನ್ಯಗ್ರಹದವರ ಧಾರಾವಾಹಿ ಬರೆಯುವ ಸರ್ ಅವರಿಗೆ ನಮಸ್ಕಾರ.

ನಾನೂ ನಮ್ಮ ಯಜಮಾನರು ಅಶ್ವತ್ಥಪ್ಪನವರೂ ನಿಮ್ಮ ಧಾರಾವಾಹಿಯನ್ನು ಒಂದು ಕಂತೂ ಬಿಡದೆ ನೋಡಿದವರು. ಅದರಲ್ಲಿ ತಪ್ಪು ಹುಡುಕುವುದೇ ನಮಗೆ ಖುಷಿ. ನಕ್ಷತ್ರ ದಾಟಿ ಬಂದವರಿಗೆ ಒಂದು ಅಂಗಡಿಯ ಶಟರ್ ಎತ್ತಲು ಬರುವುದಿಲ್ಲವೇ ಸರ್? ಅದು ಹೋಗಲಿ. ಹನ್ನೊಂದನೇ ಕಂತಿನಲ್ಲಿ ಡಾಕ್ಟರ್ ಶಶಾಂಕ ಎಲ್ಲರ ಜೊತೆ ಕ್ಷೇಮವಾಗಿ ಹೊರಗೆ ಬಂದವನು, ಉರಿಯುತ್ತಿರುವ ಆಸ್ಪತ್ರೆಯೊಳಕ್ಕೆ ಒಬ್ಬನೇ ವಾಪಸ್ ಹೋಗಿ ಸಾಯುತ್ತಾನೆ. ಯಾಕೆಂದು ನೀವು ಹೇಳಲೇ ಇಲ್ಲ. "ಈಚೆಗೆ ಬಂದೋನು ಯಾತಕ್ಕೆ ಒಳಕ್ಕೋಗ್ತಾನೆ? ಬರೆದೋನಿಗೆ ಬುದ್ಧಿ ಇಲ್ಲ ಕಣೇ" ಎಂದು ನಮ್ಮವರು ನಕ್ಕಿದ್ದರು. ಬೇಜಾರು ಮಾಡಿಕೊಳ್ಳಬೇಡಿ.

ಕಳೆದ ತಿಂಗಳು ಅವರ ಫ್ಯಾಕ್ಟರಿಗೆ ಬೆಂಕಿ ಬಿತ್ತು. ಎಲ್ಲರೂ ಈಚೆಗೆ ಬಂದ ಮೇಲೆ ಗೇಟಿನ ಹತ್ತಿರ ಹಾಜರಿ ಕೂಗಿದಾಗ ಅವರು "ಇದೀನಿ" ಎಂದಿದ್ದರಂತೆ. ಆಮೇಲೆ ಒಳಗೆ ಹೋದರು. ಯಾಕೆಂದು ಎಲ್ಲರೂ ನನ್ನನ್ನು ಕೇಳುತ್ತಾರೆ. ಗೊತ್ತಿಲ್ಲ ಎನ್ನುತ್ತೇನೆ.

ಅವರು ಸಿಕ್ಕಾಗ ಕೈಯಲ್ಲಿ ಊಟದ ಡಬ್ಬಿ ಇತ್ತು ಸರ್. ನನ್ನ ಮದುವೆಗೆ ಅಪ್ಪ ಹೆಸರು ಕೆತ್ತಿಸಿ ಕೊಟ್ಟ ಸ್ಟೀಲ್ ಡಬ್ಬಿ. ಹಿಂದಿನ ದಿನ ಅದನ್ನು ಅಲ್ಲೇ ಮರೆತು ಬಂದಿದ್ದರು. "ಡಬ್ಬಿ ಇಲ್ದೆ ಇವತ್ತು ಮನೆಗೆ ಬರ್ಬೇಡಿ" ಎಂದು ನಾನು ಬೆಳಿಗ್ಗೆ ರೇಗಿದ್ದೆ.

ದಯವಿಟ್ಟು ಮುಂದಿನ ಕಂತಿನಲ್ಲಿ ಶಶಾಂಕನಿಗೆ ಒಂದು ಕಾರಣ ಕೊಡಿ. ಯಾವುದೋ ಮಗುವನ್ನು ಉಳಿಸಲು ಹೋದ ಎಂದು ಬರೆಯಿರಿ. ಏನಾದರೂ ದೊಡ್ಡದೇ ಇರಲಿ ಸರ್.

ಇಂತಿ,
ಮುನಿಲಕ್ಷ್ಮಿ