ಒಂಬತ್ತನೇ ಫ್ರೆಟ್, ಹತ್ತನೇ ಫ್ರೆಟ್

ಶ್ರೀರಾಂಪುರ, ಮೈಸೂರು
೭ ಏಪ್ರಿಲ್ ೨೦೨೫

ಪೂಜ್ಯ ಮಾವನವರಿಗೆ,

ನಿಮ್ಮ ಸೊಸೆ ನಿಶ್ಚಿತಾ ಮಾಡುವ ಶರಣಾರ್ಥಿಗಳು. ಆರೋಗ್ಯ ಹೇಗಿದೆ? ಬಿ.ಪಿ. ಮಾತ್ರೆ ತಿಂಡಿ ಆದ ಮೇಲೆ. ಗುಂಡ್ಲುಪೇಟೆಯ ಮಗಳ ಮನೆಗೆ ಹೋದರೂ ಅದೇ ಹೊಟ್ಟೆ, ಅದೇ ಮಾತ್ರೆ, ಹೊತ್ತು ಬದಲಾಯಿಸಬೇಡಿ. ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು ನಿಜ. ಆದರೆ ಮೊನ್ನೆ ಊಟ ಆಯಿತೇ ಎಂದು ಕೇಳಿದರೆ ನೀವು ‘ಹೂಂ, ಗುರುವಾರ’ ಅಂದಿರಿ. ಆಮೇಲೆ ಏನು ಕೇಳಿದರೂ ಬರೀ ಹೂಂ. ಪ್ರೇಮಲೀಲಾ ಅತ್ತಿಗೆಯ ಕೈಲಿ ಹೇಳಿಸೋಣವೆಂದರೆ, ಅವರು ನನ್ನ ಒಂದು ಮಾತಿಗೆ ತಮ್ಮ ನಾಲ್ಕು ಸೇರಿಸದೆ ಮುಟ್ಟಿಸುವವರಲ್ಲ. (ಈ ಸಾಲನ್ನು ಜೋರಾಗಿ ಓದಬೇಡಿ.) ಅದಕ್ಕೇ ಲಾಸ್ಯಳ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡು ಕೂತಿದ್ದೇನೆ. ನಿಮ್ಮ ಕಿವಿಯ ಮೆಷಿನ್ ಶೋಕೇಸಿನಲ್ಲಿ ಡಬ್ಬಿಯೊಳಗೇ ಭದ್ರವಾಗಿದೆ. ನೀವು ಇಲ್ಲಿದ್ದಾಗಲೂ ಅದು ಅಲ್ಲೇ ಇತ್ತು, ಬಿಡಿ.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಮಗನಿಗೆ ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಈ ತಿಂಗಳು ಬೆಳಗಿನ ಶಿಫ್ಟು, ಐದು ಗಂಟೆಗೇ ಎದ್ದು ಮುಖ ಗಂಟಿಕ್ಕಿಕೊಂಡು ಹೋಗುತ್ತಾರೆ. ಯುಗಾದಿಗೆ ನೀವಿಲ್ಲದ್ದರಿಂದ ಬೇವು ಬೆಲ್ಲ ಕೊಡುವ ಕೆಲಸ ಅವರ ಪಾಲಿಗೆ ಬಂತು. ಬೆಲ್ಲವನ್ನೇ ಸುರಿದು ಕೊಟ್ಟರು, ಲಾಸ್ಯಳಿಗೆ ಬಲು ಖುಷಿ. ನನಗೆ ಮಾತ್ರ ಹಬ್ಬ ಹಬ್ಬದಂತೆ ಅನ್ನಿಸಲಿಲ್ಲ. ನಿಮ್ಮ ಮೊಮ್ಮಗಳು ಮೂರನೇ ಕ್ಲಾಸು ಮುಗಿಸಿದಳು. ಫ್ರೆಟ್ ಅಂದರೆ ಏನು ಎಂದು ಅವಳ ಗೆಳತಿ ಕೇಳಿದ್ದಕ್ಕೆ, ‘ಗಿಟಾರ್ ನೆಕ್ಕಿನ ಮೇಲೆ ಅಡ್ಡಡ್ಡ ಪಟ್ಟಿ ಇರುತ್ತಲ್ಲ, ಅದು. ನಮ್ ತಾತ ಸುತ್ತಿಗೇಲಿ ಹೊಡ್ದು ಹೊಡ್ದು ಕೂರಿಸ್ತಾರೆ’ ಎಂದು ಹೇಳಿದ್ದು ಹಿತ್ತಲವರೆಗೂ ಕೇಳಿಸಿತು.

ವಾಗೀಶರು ಗಿಟಾರ್ ವಾಪಸ್ ತಂದ ಆ ಬೆಳಿಗ್ಗೆಯನ್ನು ನಾನು ದಿನಕ್ಕೊಮ್ಮೆಯಾದರೂ ನೆನೆಯುತ್ತೇನೆ. ಹಳೇ ಫ್ರೆಟ್‌ಗಳನ್ನೆಲ್ಲ ಕಿತ್ತು ನೀವು ಹೊಸದು ಹಾಕಿಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ಪಾಪ, ಹತ್ತಾರು ಜನಕ್ಕೆ ಗಿಟಾರ್ ಕಲಿಸುವ ಮನುಷ್ಯ, ಎಂಟನೇ ಫ್ರೆಟ್ಟಿನ ಹತ್ತಿರ ಒತ್ತಿದರೆ ತಂತಿ ಝರ್ರೆನ್ನುತ್ತದೆ ಎಂದು ಹೇಳಲು ಅವರಿಗೇ ಸಂಕೋಚ. ನೀವು ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದು ನೋಡಿದಿರಿ. ಒಂಬತ್ತು ಮತ್ತು ಹತ್ತನೇ ಫ್ರೆಟ್‌ಗಳು ಕೂದಲೆಳೆಯಷ್ಟು ಮೇಲೆದ್ದಿದ್ದವು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟಿರಿ, ಮತ್ತೊಮ್ಮೆ ತಟ್ಟಿದಿರಿ. ಆಮೇಲೆ ಸುತ್ತಿಗೆಯನ್ನು ನನ್ನ ಕೈಯಲ್ಲಿಟ್ಟು, ‘ನನ್ ಕಿವಿ ಹೋಯ್ತು ಕಣಮ್ಮ. ಕೂತಿದ್ಯೋ ಇಲ್ವೋ ಅನ್ನೋದೂ ಗೊತ್ತಾಗ್ಲಿಲ್ಲ. ಇನ್ ಸಾಕು ಬುಡು’ ಅಂದಿರಿ. ಮೂವತ್ತೊಂದು ವರ್ಷದ ಕೆಲಸವನ್ನು ಅಷ್ಟು ಮಾತಿನಲ್ಲಿ ಮುಗಿಸಿ ಮಾರನೇ ದಿನ ಬಸ್ಸು ಹತ್ತಿಬಿಟ್ಟಿರಿ. ಮಗಳ ಮನೆಗೆ ನಾಲ್ಕು ದಿನ ಹೋಗುವವರು ಪೂಜೆಯ ಸಾಮಾನನ್ನೆಲ್ಲ ಕಟ್ಟಿಕೊಂಡು ಹೋಗುವುದಿಲ್ಲ, ಅದು ನನಗೂ ಗೊತ್ತಾಗುತ್ತದೆ.

ಆವತ್ತಿನಿಂದ ಶೆಡ್ಡಿನ ಬಾಗಿಲು ತೆಗೆದಿರಲಿಲ್ಲ. ಇವತ್ತು ತೆಗೆದೆ. ಫ್ರೆಟ್ ಕಾಣದ ನೆಕ್‌ಗಳು ಐದು ನಿಮ್ಮ ಮೇಜಿನ ಮೇಲೆ ಹಾಗೇ ಇದ್ದವು, ಒಂದನ್ನು ಕೈಗೆತ್ತಿಕೊಂಡೆ. ನೀವು ಹೇಳಿಕೊಟ್ಟ ಹಾಗೆಯೇ ಹಲ್ಲುಜ್ಜುವ ಬ್ರಷ್ಷಿನಿಂದ ಸೀಳುಗಳ ಧೂಳು ತೆಗೆದೆ, ಪಟ್ಟಿಯನ್ನು ಹಲಗೆಯ ಉಬ್ಬಿಗಿಂತ ಒಂದು ಚೂರು ಜಾಸ್ತಿ ಬಗ್ಗಿಸಿದೆ, ಮೊದಲು ಎರಡು ತುದಿ ಹೊಡೆದೆ, ಆಮೇಲೆ ನಡು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಈ ಕೆಲಸವನ್ನು ಕಲಿತದ್ದು ಅಡುಗೆಮನೆಯ ಕಿಟಕಿಯಿಂದ. ಪಟ್ಟಿ ಕೂರದಿದ್ದರೆ ಸುತ್ತಿಗೆಯ ಸದ್ದು ತೆಳು, ಕೂತ ತಕ್ಷಣ ಸದ್ದು ದಪ್ಪಗಾಗುತ್ತದೆ. ನೀವು ಹೇಳುವ ಮೊದಲೇ ನನಗೆ ಅದು ಗೊತ್ತಿತ್ತು, ಅದರ ಜಂಬವೂ ಇತ್ತು. ಇವತ್ತು ಆ ಜಂಬ ಇಳಿಯಿತು ಮಾವ. ಎಂಟು ಪಟ್ಟಿ ಕೂತವು. ಒಂಬತ್ತನೆಯದಕ್ಕೆ ಎಷ್ಟು ಹೊಡೆದರೂ ತೆಳು ಸದ್ದೇ. ಸ್ಕೇಲ್ ಇಟ್ಟು ನೋಡಿದರೆ ಪಟ್ಟಿ ಚೆನ್ನಾಗಿ ಕೂತಿದೆ, ಎಲ್ಲೂ ಬೆಳಕು ನುಸುಳುವುದಿಲ್ಲ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಕಣ್ಣಿಗೆ ಬಿತ್ತು, ನೆಕ್ಕಿನ ಅಡಿಗೆ ಇಡುವ ಮರಳಿನ ಚೀಲ ಇನ್ನೂ ಐದನೇ ಫ್ರೆಟ್ಟಿನ ಕೆಳಗೇ ಇದೆ. ಒಂಬತ್ತರ ಕೆಳಗೆ ಬರೀ ಗಾಳಿ. ಚೀಲವನ್ನು ಸರಿಸಿ ತಟ್ಟಿದೆ, ಸದ್ದು ದಪ್ಪಗಾಯಿತು. ಸುಮ್ಮನೆ ನಿಮ್ಮ ಸ್ಟೂಲಿನ ಮೇಲೆ ಕೂತುಬಿಟ್ಟೆ, ಅಳು ಬಂತು.

ಪ್ರತಿ ಪಟ್ಟಿಗೂ ಎಡಗೈಯಿಂದ ಚೀಲ ಸರಿಸುವುದು, ಆ ಕೈಯನ್ನು ನೆಕ್ಕಿನ ಕೆಳಗೇ ಇಟ್ಟುಕೊಳ್ಳುವುದು ನಿಮ್ಮ ಅಭ್ಯಾಸ. ನಾನು ಕೇಳಿಸಿಕೊಂಡು ಕಲಿತವಳು, ನೋಡಿ ಕಲಿಯಲಿಲ್ಲ. ನೀವೂ ಬಾಯಿಬಿಟ್ಟು ಹೇಳಿರಲಿಲ್ಲ, ಬಹುಶಃ ನಿಮಗೇ ಗೊತ್ತಿಲ್ಲ. ಅದಕ್ಕೇ ಇವತ್ತು ಇನ್ನೊಂದು ಕೆಲಸ ಮಾಡಿದೆ, ನಗಬೇಡಿ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಉಳಿದ ಪಟ್ಟಿಗಳನ್ನು ಹೊಡೆದೆ, ಎಡಗೈಯನ್ನು ನಿಮ್ಮ ಹಾಗೆ ಅಡಿಗಿಟ್ಟುಕೊಂಡು. ಪಟ್ಟಿ ಕೂರುವತನಕ ಅಂಗೈಗೆ ಚುರುಗುಟ್ಟುತ್ತದೆ, ಕೂತ ಮೇಲೆ ಒಂದೇ ಗಟ್ಟಿ ಪೆಟ್ಟು. ನಿಮ್ಮ ಕಿವಿ ಮಂದವಾಗಿ ಎಷ್ಟು ವರ್ಷವಾಯಿತೋ ದೇವರಿಗೇ ಗೊತ್ತು, ಆದರೂ ವಾಗೀಶರದಕ್ಕೆ ಮೊದಲು ಒಂದು ಗಿಟಾರೂ ವಾಪಸ್ ಬಂದಿರಲಿಲ್ಲ. ಫ್ರೆಟ್ ಕೂತದ್ದು ನಿಮಗೆ ಯಾವಾಗಲೋ ಕೈಯಿಂದಲೇ ಗೊತ್ತಾಗುತ್ತಿತ್ತು, ನೀವು ಅದನ್ನು ಕಿವಿಯ ಲೆಕ್ಕಕ್ಕೆ ಬರೆದಿದ್ದಿರಿ ಅಷ್ಟೆ. ಕಿವಿ ಹೋಗಿದ್ದರೆ ಹೋಗಲಿ, ನೀವು ಕೆಲಸ ಬಿಡಬೇಕಾಗಿಲ್ಲ. ದಯವಿಟ್ಟು ಬನ್ನಿ. ಉಳಿದ ನಾಲ್ಕು ನೆಕ್‌ಗಳನ್ನು ನಾನು ಮುಟ್ಟುವುದಿಲ್ಲ.

ಅತ್ತಿಗೆಗೂ ಅಣ್ಣನವರಿಗೂ ನನ್ನ ನಮಸ್ಕಾರ ತಿಳಿಸಿ, ಮಕ್ಕಳಿಗೆ ನೆನಪು. ಬಿಸಿಲಿನಲ್ಲಿ ಬರಿತಲೆಯಲ್ಲಿ ಓಡಾಡಬೇಡಿ. ನಿಮ್ಮ ಆಶೀರ್ವಾದ ನಮ್ಮ ಮೂವರ ಮೇಲೂ ಇರಲಿ.

ನಿಮ್ಮ ಸೊಸೆ,
ನಿಶ್ಚಿತಾ

ವಿ.ಸೂ.: ಇವರು ಬೈಕ್ ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದಾರೆ, ಕೊರಿಯರ್‌ನವನು ಬಾಗಿಲು ಹಾಕುವ ಹೊತ್ತು. ಕವರ್ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ. ವಾಗೀಶರ ಗಿಟಾರಿನ ಆ ಎರಡು ಫ್ರೆಟ್ ನೀವು ಕೂರಿಸಿದ ಹಾಗೆ ಉಳಿದಿರಲಿಲ್ಲ. ಜನವರಿಯಲ್ಲಿ ನೀವು ಮಠಕ್ಕೆ ಹೋದ ಸೋಮವಾರ, ತಂತಿ ಕಟ್ಟುವುದೊಂದೇ ಬಾಕಿಯಿದ್ದಾಗ, ನಾನು ತಟ್ಟಿ ನೋಡಿದೆ. ಒಂಬತ್ತು ಮತ್ತು ಹತ್ತರಲ್ಲಿ ತೆಳು ಸದ್ದು ಬಂತು. ಮಾವನಿಗೆ ಕೇಳಿಸಿಲ್ಲ, ಹೇಳಿದರೆ ನೊಂದುಕೊಳ್ಳುತ್ತಾರೆ ಅಂದುಕೊಂಡು ನಾನೇ ಕಿತ್ತು ಮತ್ತೆ ಹೊಡೆದೆ. ಕೀಳುವಾಗ ಸೀಳಿನ ಅಂಚು ಚಕ್ಕೆಯೆದ್ದು ಹಿಡಿತ ಸಡಿಲವಾಯಿತು, ಅಂಟು ಹಾಕಿ ಮುಚ್ಚಿದೆ. ಬಿಸಿಲಿಗೆ ಮೇಲೆದ್ದವು. ನಿಮ್ಮ ತಪ್ಪನ್ನು ತಿದ್ದಲು ಹೋಗಿ ಕೆಡಿಸಿದೆ ಅಂತ ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಅವತ್ತೂ ಚೀಲ ಐದರ ಕೆಳಗೇ ಇತ್ತು ಮಾವ, ತೆಳು ಸದ್ದು ಬಂದದ್ದು ಅದಕ್ಕೇ. ನಿಮ್ಮದು ತಪ್ಪೇ ಇರಲಿಲ್ಲ. ನೀವು ಸುತ್ತಿಗೆ ಕೊಟ್ಟಾಗಲೇ ಹೇಳಬೇಕಿತ್ತು, ಹೆದರಿ ಸುಮ್ಮನಿದ್ದೆ. ಮಧ್ಯಾಹ್ನ ಇವರಿಗೆ ಹೇಳಿದೆ, ವಾಗೀಶರಿಗೂ ಫೋನ್ ಮಾಡಿ ಹೇಳಿದೆ. ಇಬ್ಬರೂ ಕೇಳಿದ್ದು ಒಂದೇ, ನಿಮಗೆ ಹೇಳಿದ್ದಾಯಿತೇ ಅಂತ. ಈಗ ಹೇಳಿದೆ.